ಅರವತ್ತೆರಡು ವರ್ಷಗಳನ್ನು ಉಜ್ಜಿ ತೆಗೆದ ವಿಭಾಗಕ್ಕೆ

ಪಾರ್ಸೆಲ್ ಆರೈಕೆ ವಿಭಾಗದ ಮಾನ್ಯ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿಗೂ, ಬಾಗಿಲ ಬಳಿ ಟೋಕನ್ ಕೊಟ್ಟು ಧನ್ಯವಾದ ಹೇಳುವ ಆ ಯಂತ್ರಕ್ಕೂ ನನ್ನ ಗೌರವಪೂರ್ವಕ ನಮಸ್ಕಾರಗಳು. ಕಳೆದ ತಿಂಗಳ ಹದಿನಾಲ್ಕನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂಕಾಲರ ನಡುವೆ, ತಮ್ಮ ವಿಭಾಗದ ಮೂರನೆಯ ಮೇಜಿನ ಮೇಲೆ, ನಾನು ಕಳುಹಿಸಿದ್ದ ಬೆಳ್ಳಿ ನಾಣ್ಯವೊಂದನ್ನು ಬಿಚ್ಚಿ, ಬಿಳಿ ಪೇಸ್ಟ್ ಹಚ್ಚಿ ಉಜ್ಜಿ, ಫಳಫಳ ಹೊಳೆಯುವಂತೆ ಮಾಡಿ, ಅದರ ಮೇಲೆ ಅರವತ್ತೆರಡು ವರ್ಷಗಳಲ್ಲಿ ಮೂಡಿದ್ದ ಬಣ್ಣವನ್ನು ಕಾಲು ಗಂಟೆಯಲ್ಲಿ ಇಲ್ಲವಾಗಿಸಲಾಯಿತು. ಇಪ್ಪತ್ತೇಳು ವರ್ಷಗಳ ಹಿಂದೆ ನನ್ನ ಕೊಡೆಯೊಂದನ್ನು ಪಕ್ಕದ ಬೀದಿಗೆ ತಲುಪಿಸಲು ಹತ್ತೊಂಬತ್ತು ದಿನ ತೆಗೆದುಕೊಂಡಿದ್ದ ಕೊರಿಯರ್ ಸಂಸ್ಥೆ ಇದೇ ಎಂದು ನಂಬುವುದಕ್ಕೇ ಆಗುವುದಿಲ್ಲ. ಈ ಪ್ರಗತಿಗೆ ಮೊದಲು ನನ್ನ ಅಭಿನಂದನೆಗಳನ್ನು ಸ್ವೀಕರಿಸಬೇಕು.

ನಾನು ಮೂವತ್ತೆಂಟು ವರ್ಷ ಕನ್ನಡಕದ ಅಂಗಡಿ ನಡೆಸಿದವನು. ಈಗ ಅಂಗಡಿ ಮಗಳ ಕೈಯಲ್ಲಿದೆ, ಅಂಗಡಿಯ ಹಿಂದಿನ ಕೋಣೆ ಮಾತ್ರ ನನ್ನದು. ಅಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಒಂದು ಮಸೂರ, ಚಿಕ್ಕ ತಕ್ಕಡಿ, ಮತ್ತು ಹತ್ತೊಂಬತ್ತು ವರ್ಷಗಳಿಂದ ಅಂತರ್ಜಾಲದ ಸಂಗ್ರಹಕಾರರ ಸಂತೆಯಲ್ಲಿ ಹಳೆಯ ಬೆಳ್ಳಿ ನಾಣ್ಯಗಳನ್ನು ಮಾರುತ್ತಿರುವ ನಾನು. ಇದುವರೆಗೆ ನಾನೂರ ಹನ್ನೆರಡು ನಾಣ್ಯಗಳು ಆ ಮೇಜಿನಿಂದ ಹೊರಟಿವೆ, ನಾನೂರ ಹನ್ನೊಂದು ಹೇಗೆ ಹೊರಟವೋ ಹಾಗೆಯೇ ತಲುಪಿವೆ. ಆಗೆಲ್ಲ ತಮ್ಮಲ್ಲಿ ಆರೈಕೆ ವಿಭಾಗ ಇರಲಿಲ್ಲ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ಮಾತ್ರ ದಾಖಲಿಸುತ್ತಿದ್ದೇನೆ.

ಬೆಳ್ಳಿ ಹಳೆಯದಾದಂತೆ ಕಪ್ಪಾಗುತ್ತದೆ. ಮನೆಯ ಚಮಚ ಕಪ್ಪಾದರೆ ಅದನ್ನು ಕೊಳೆ ಎನ್ನುತ್ತೇವೆ, ಉಜ್ಜುತ್ತೇವೆ, ಒಳ್ಳೆಯದೇ. ಆದರೆ ನಾಣ್ಯ ಸಂಗ್ರಹಿಸುವವರ ಲೋಕವೇ ಬೇರೆ. ಯಾರ ಕೈಯೂ ತಾಕದೆ ಒಂದೇ ಕಡೆ ಮಲಗಿದ್ದ ನಾಣ್ಯ ತಾನಾಗಿಯೇ ಬಣ್ಣವೇರುತ್ತದೆ, ಆ ಬಣ್ಣವೇ ಅದರ ವಯಸ್ಸಿಗೆ ಸಾಕ್ಷಿ, ಅದೇ ಅದರ ಸೊಗಸು. ಒಮ್ಮೆ ಉಜ್ಜಿದರೆ ಮುಗಿಯಿತು. ಮತ್ತೆ ಅದು ಬರೀ ಬೆಳ್ಳಿಯ ಬಿಲ್ಲೆ, ಮೈತುಂಬ ಕೂದಲೆಳೆಯಂಥ ಗೀರುಗಳು ಬೇರೆ. ನಮ್ಮ ನಡುವೆ ಒಬ್ಬರನ್ನು ಕಳ್ಳ ಎಂದರೆ ಅವರು ವಾದಕ್ಕೆ ನಿಲ್ಲುತ್ತಾರೆ, ನಾಣ್ಯ ಉಜ್ಜುವವನು ಎಂದರೆ ತಲೆ ತಗ್ಗಿಸಿ ಎದ್ದು ಹೋಗುತ್ತಾರೆ.

ತಾವು ಆರೈಕೆ ಮಾಡಿದ ನಾಣ್ಯದಲ್ಲಿ ಹಾಯಿ ಬಿಚ್ಚಿದ ಹಡಗೊಂದಿದೆ. ಅದು ಅರವತ್ತೆರಡು ವರ್ಷ ಒಬ್ಬ ದರ್ಜಿಯ ಗುಂಡಿ ಡಬ್ಬದ ತಳದಲ್ಲಿ, ಕಂದು ಕಾಗದದ ಮಡಿಕೆಯೊಳಗೆ ಮಲಗಿತ್ತು. ಕಾಗದ ತನ್ನ ಕೆಲಸವನ್ನು ನಿಧಾನವಾಗಿ ಮಾಡಿತ್ತು: ಅಂಚಿನಲ್ಲಿ ಕಡು ನೀಲಿ, ಒಳಕ್ಕೆ ಬಂದಂತೆ ನೇರಳೆ, ಹಾಯಿಯ ಮೇಲೆ ಜೇನಿನ ಬಣ್ಣ. ಸಂಜೆ ಹೊತ್ತಿಗೆ ಬಂದರು ಸೇರುತ್ತಿರುವ ಹಡಗಿನಂತೆ ಕಾಣುತ್ತಿತ್ತು. ಆ ದರ್ಜಿಯ ಕನ್ನಡಕಕ್ಕೆ ಗಾಜು ಹಾಕಿಕೊಟ್ಟಾಗ ಅವರು ಅದನ್ನು ನನಗೆ ಕೊಟ್ಟರು. ನಾನು ಅದನ್ನು ಅಂಚಿನಲ್ಲಿ ಹಿಡಿದು ನೋಡಿದ್ದು ಬಿಟ್ಟರೆ ಮುಖಕ್ಕೆ ಬೆರಳು ಸೋಕಿಸಿದವನಲ್ಲ.

ಇದನ್ನು ಕೊಂಡವರು ದೂರದ ಊರಿನ ಗಡಿಯಾರ ರಿಪೇರಿಯ ಹೆಂಗಸು. ನಾನು ಅವರನ್ನು ಗಡಿಯಾರದಕ್ಕ ಎಂದೇ ಕರೆಯುವುದು. ಹತ್ತೊಂಬತ್ತು ವರ್ಷಗಳ ಸ್ನೇಹ, ಒಮ್ಮೆಯೂ ಮುಖ ನೋಡಿಲ್ಲ. ಅವರು ಧ್ವನಿ ಸಂದೇಶ ಕಳುಹಿಸುತ್ತಾರೆ, ಹಿಂದಿನಿಂದ ಇಪ್ಪತ್ತು ಗಡಿಯಾರಗಳು ಟಿಕ್ ಟಿಕ್ ಎಂದು ಮಧ್ಯೆ ಬಾಯಿ ಹಾಕುತ್ತಿರುತ್ತವೆ. ಹಡಗಿನ ಸರಣಿಯ ಐದು ನಾಣ್ಯಗಳಲ್ಲಿ ನಾಲ್ಕು ಅವರ ಬಳಿ ಇದ್ದವು, ಐದನೆಯದು ನನ್ನ ಬಳಿ. ಹನ್ನೊಂದು ವರ್ಷಗಳಿಂದ ಪ್ರತಿ ವರ್ಷ ಒಂದು ಸಲ, ಮನಸ್ಸು ಕರಗಿತೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಈ ವರ್ಷ ಕರಗಿತು. ನನ್ನ ನಂತರ ಅದನ್ನು ದಿನಕ್ಕೊಮ್ಮೆಯಾದರೂ ನೋಡುವವರ ಬಳಿ ಅದು ಇರಲಿ ಎನ್ನಿಸಿತು. ಸಂತೆಯ ನಿಯಮದಂತೆ ಕಿಟಕಿಯ ಬೆಳಕಿನಲ್ಲಿ ಹನ್ನೊಂದು ಫೋಟೋ ತೆಗೆದು ಹಾಕಿದೆ, ಹಡಗಿನ ಹಾಯಿಕಂಬದ ಪಕ್ಕದ ಹಳೆಯ ಗೀರನ್ನೂ ಮುಚ್ಚಿಡದೆ ತೋರಿಸಿದೆ.

ಇನ್ನು ಪ್ಯಾಕಿಂಗ್ ವಿಚಾರ. ನಾಣ್ಯವನ್ನು ಅದರ ಅಳತೆಯ ಗಟ್ಟಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎರಡು ರಟ್ಟಿನ ಹಲಗೆಗಳ ನಡುವೆ ಕೂರಿಸಿ, ನಾಲ್ಕೂ ಕಡೆ ಟೇಪ್ ಸುತ್ತಿ, ಅದನ್ನು ಹತ್ತಿಯ ಹಾಸಿಗೆಯಲ್ಲಿ ಮಲಗಿಸಿ, ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು, ಹೊರಗೆ ಎಲ್ಲೂ ಬೆಳ್ಳಿ ಎಂಬ ಸುಳಿವು ಕೊಡದೆ, ಕೊನೆಗೆ ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಚೂರೂ ಸದ್ದು ಬರಲಿಲ್ಲವೆಂದರೆ ಮಾತ್ರ ಮನೆ ಬಿಡಿಸುವುದು ನನ್ನ ಪದ್ಧತಿ. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಮನೆಯಾಕೆ, "ನನಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸೋಕೆ ಇಷ್ಟು ಯೋಚನೆ ಮಾಡಿರ್ಲಿಲ್ಲ ನೀವು" ಎಂದಳು. ಮಾತು ನಿಜವಾದ್ದರಿಂದ ನಾನು ಟೇಪ್ ಕಡೆ ಗಮನ ಕೊಟ್ಟೆ.

ನನ್ನ ತಪ್ಪು ಅಲ್ಲೇ ಆಗಿತ್ತೆಂದು ಈಗ ಗೊತ್ತಾಗಿದೆ. ತಮ್ಮಲ್ಲಿ ಸದ್ದು ಮಾಡುವ ಪಾರ್ಸೆಲ್‌ಗಳು ಯಾವ ಅಡ್ಡಿಯೂ ಇಲ್ಲದೆ ಮುಂದೆ ಹೋಗುತ್ತವಂತೆ, ಒಳಗೆ ಏನೋ ಒಡೆದಿದೆ ಎಂದು ಎಲ್ಲರಿಗೂ ಸಮಾಧಾನ. ಅಲುಗಾಡಿಸಿದರೂ ಬಾಯಿ ಬಿಡದ ಪಾರ್ಸೆಲ್ ಬಂದರೆ ಮಾತ್ರ ಅನುಮಾನ. ಹಾಗಾಗಿ ನನ್ನ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ತೆರೆಯಲಾಯಿತು, ಒಳಗಿದ್ದ ನಾಣ್ಯ ಕಪ್ಪು ನೀಲಿಯಾಗಿರುವುದನ್ನು ಕಂಡು ಅದು ತಮ್ಮ ಗೋದಾಮಿನ ತೇವದಿಂದ ಹಾಳಾಗಿದೆ ಎಂದು ಭಾವಿಸಲಾಯಿತು, ತಮ್ಮ ಕೈಪಿಡಿಯ ಒಂಬತ್ತನೆಯ ನಿಯಮದಂತೆ ವಸ್ತುವನ್ನು 'ಒರೆಸಿ, ಶುಚಿಗೊಳಿಸಿ, ಮೊದಲಿನ ಸ್ಥಿತಿಗೆ ತರತಕ್ಕದ್ದು' ಎಂಬುದನ್ನು ಚಾಚೂ ತಪ್ಪದೆ ಪಾಲಿಸಲಾಯಿತು. ಮತ್ತೆ ನನ್ನಂತೆಯೇ ಪ್ಯಾಕ್ ಮಾಡಿ ಕಳುಹಿಸಲಾಯಿತು. ನನಗೊಂದು ಚೀಟಿಯೂ ಬಂತು: 'ತಮ್ಮ ಪಾರ್ಸೆಲ್‌ಗೆ ವಿಶೇಷ ಆರೈಕೆ ನೀಡಲಾಗಿದೆ.' ನಾನು ಅದನ್ನು ಓದಿ ಸಂತೋಷಪಟ್ಟೆ ಎಂಬುದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ನಾನು ಇತಿಹಾಸದ ಪುಸ್ತಕಗಳನ್ನು ಸಾಕಷ್ಟು ಓದಿದ್ದೇನೆ. ಯುದ್ಧದ ಖರ್ಚಿಗೆಂದು ನಾಣ್ಯ ಕರಗಿಸಿದ ರಾಜರಿದ್ದಾರೆ, ಅಂಚು ಕೆರೆದು ಬೆಳ್ಳಿಪುಡಿ ಕದ್ದ ಕಳ್ಳರಿದ್ದಾರೆ, ಹಿಂದಿನ ದೊರೆಯ ಮುಖದ ಮೇಲೆ ತನ್ನ ಮುಖ ಒತ್ತಿಸಿದವರಿದ್ದಾರೆ. ಆದರೆ ಇಷ್ಟೊಂದು ಪ್ರೀತಿಯಿಂದ, ಕೈಗವಸು ತೊಟ್ಟು, ಒಂದು ನಾಣ್ಯವನ್ನು ಹಾಳು ಮಾಡಿದವರ ಹೆಸರು ಎಲ್ಲೂ ಸಿಗಲಿಲ್ಲ. ಆ ಜಾಗ ತಮಗಾಗಿಯೇ ಖಾಲಿ ಇತ್ತು.

ಮೂರು ದಿನದ ಮೇಲೆ ಗಡಿಯಾರದಕ್ಕನ ಧ್ವನಿ ಬಂತು. "ನೀವು ಹೇಳಿದ್ರೆ ನಾನು ಕಣ್ಣು ಮುಚ್ಚಿ ನಂಬ್ತಿದ್ದೆ. ಈಗ ಲೆನ್ಸ್ ಹಾಕಿ ನೋಡ್ದೆ, ಮೈತುಂಬ ಉಜ್ಜಿದ ಗೀರು. ಅದೇ ಹಡಗು, ಅದೇ ಹಳೇ ಗೀರು, ಬಣ್ಣ ಮಾತ್ರ ಇಲ್ಲ. ಯಾಕೆ ಹೀಗ್ ಮಾಡಿದ್ರಿ?" ಎಂದರು. ನನ್ನನ್ನು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಅವರು ನಿಜವಾಗಿಯೂ ಕಾರಣ ಕೇಳುತ್ತಿದ್ದರು. ದಾರಿಯಲ್ಲಿ ಕೊರಿಯರಿನವರು ಉಜ್ಜಿರಬೇಕು ಎಂದು ಬರೆದೆ. ಬರೆದ ವಾಕ್ಯವನ್ನು ನಾನೇ ಓದಿಕೊಂಡಾಗ, ನಾಯಿ ನನ್ನ ಪುಸ್ತಕ ತಿಂದಿತು ಎನ್ನುವ ವಿದ್ಯಾರ್ಥಿಯ ಮಾತು ಕೂಡ ಇದಕ್ಕಿಂತ ನಂಬಲರ್ಹ ಎನ್ನಿಸಿತು. ಅವರಿಗೂ ಹಾಗೇ ಅನ್ನಿಸಿರಬೇಕು. ನಾಣ್ಯವನ್ನು ಅವರು ಹಿಂದಿರುಗಿಸಲಿಲ್ಲ, ಆದರೆ ಸಂತೆಯವರಿಗೆ ವಿಷಯ ತಿಳಿಸಿದರು. ಈಗ ಅಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಅಕ್ಷರದಲ್ಲಿ 'ಎಚ್ಚರಿಕೆ: ನಾಣ್ಯ ಉಜ್ಜುವವರು' ಎಂದಿದೆ. ಆಮೇಲೆ ಆ ಕಡೆಯಿಂದ ಟಿಕ್ ಟಿಕ್ ಸದ್ದು ಕೇಳಿಲ್ಲ.

ತಮಗೆ ದೂರು ಕೊಟ್ಟೆ. ಹಾನಿಯಾದ ವಸ್ತುವಿನ ಫೋಟೋ ಕಳುಹಿಸಿ ಎಂದು ಉತ್ತರ ಬಂತು. ಗಡಿಯಾರದಕ್ಕ ತೆಗೆದು ಸಂತೆಯಲ್ಲಿ ಹಾಕಿದ್ದ ಫೋಟೋವನ್ನೇ ಕಳುಹಿಸಿದೆ. 'ವಸ್ತು ಅತ್ಯುತ್ತಮ ಸ್ಥಿತಿಯಲ್ಲಿದೆ, ಹಾನಿ ಕಂಡುಬಂದಿಲ್ಲ, ತಮ್ಮ ತೃಪ್ತಿಯೇ ನಮ್ಮ ಗುರಿ' ಎಂದು ಮರುದಿನವೇ ತೀರ್ಮಾನ ಬಂತು. ತಮ್ಮ ಹೊಟ್ಟೆ ತಣ್ಣಗಿರಲಿ. ಮಾರನೆಯ ವಾರ ನಾನೇ ತಮ್ಮ ಕಚೇರಿಗೆ ಬಂದೆ, ಟೋಕನ್ ನಂಬರ್ ಎಪ್ಪತ್ತಾರು, ತಮಗೆ ನೆನಪಿರಬಹುದು.

ಮೂರನೆಯ ಮೇಜಿನ ಹೆಣ್ಣುಮಗಳನ್ನು ನಾನು ಅಲ್ಲಿ ಕಂಡೆ. ಗೋಡೆಯ ಮೇಲೆ 'ತಿಂಗಳ ಉತ್ತಮ ಆರೈಕೆಗಾರ್ತಿ' ಎಂಬ ಪಟ್ಟಿಯ ಕೆಳಗೆ ಅವರ ಫೋಟೋ, ಫೋಟೋದಲ್ಲಿ ಅವರ ಅಂಗೈ ಮೇಲೆ ನನ್ನ ಹಡಗು, ಕನ್ನಡಿಯ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಅವರು ಸಂಭ್ರಮದಿಂದ ಡ್ರಾಯರ್ ಎಳೆದು ಒಂದು ತುಂಡು ಬಟ್ಟೆ ತೆಗೆದು ತೋರಿಸಿದರು. "ನೋಡಿ ಸರ್, ಎಷ್ಟು ಕೊಳೆ ಬಂತು. ನಮ್ಮ ಕೈಲಿ ಹಾಳಾಯ್ತೇನೋ ಅಂತ ಭಯ ಆಗಿ ಉಜ್ಜೇ ಉಜ್ಜಿದೆ, ನನ್ನ ರಟ್ಟೆ ಎರಡು ದಿನ ನೋಯ್ತು" ಎಂದರು. ಬಟ್ಟೆಯ ಮೇಲೆ ನೀಲಿಯೂ ಇರಲಿಲ್ಲ, ಜೇನಿನ ಬಣ್ಣವೂ ಇರಲಿಲ್ಲ, ಬರೀ ಬೂದಿಯಂಥ ಕಪ್ಪು ಕಲೆ. ಅಷ್ಟು ಪ್ರಾಮಾಣಿಕವಾಗಿ ದುಡಿದವರ ಮೇಲೆ ಸಿಟ್ಟು ಮಾಡುವುದು ನನ್ನಿಂದ ಆಗಲಿಲ್ಲ. ನಡೆದದ್ದನ್ನು ವಿವರಿಸಿದೆ. ಅವರ ಮುಖ ಬಾಡಿತು. ತಾನೇ ಉಜ್ಜಿದ್ದೆಂದು ಈಗಲೇ ಬರೆದುಕೊಡುತ್ತೇನೆ ಎಂದು ಕಾಗದ ಹುಡುಕತೊಡಗಿದರು.

ಆಗ ತಾವು ಒಳಗಿನಿಂದ ಬಂದಿರಿ. ಸಿಬ್ಬಂದಿ ಯಾವುದನ್ನೂ ಬರೆದುಕೊಡುವಂತಿಲ್ಲ ಎಂದು ಕಾಗದವನ್ನು ಅವರ ಕೈಯಿಂದ ನಯವಾಗಿ ತೆಗೆದುಕೊಂಡಿರಿ. ನನ್ನತ್ತ ತಿರುಗಿ, "ದೂರು ಅಂದ್ರೆ ಏನಾದ್ರೂ ಕೆಟ್ಟು ಹೋಗಿರ್ಬೇಕು ಸರ್. ಇದು ಚೆನ್ನಾಗಿ ಆಗಿದೆಯಲ್ಲ, ಇದನ್ನ ಯಾವ ಫಾರಂನಲ್ಲಿ ಹಾಕ್ಲಿ?" ಎಂದಿರಿ. ಮೂವತ್ತೆಂಟು ವರ್ಷ ಜನರ ಕಣ್ಣು ಪರೀಕ್ಷಿಸಿದ್ದೇನೆ, ಇಂಥ ದೃಷ್ಟಿಗೆ ನಂಬರ್ ಕೊಡುವುದು ನನ್ನಿಂದಲೂ ಆಗಲಿಲ್ಲ.

ವಸ್ತುಗಳನ್ನು ಮೊದಲಿನ ಸ್ಥಿತಿಗೆ ತರುವ ತಮ್ಮ ಶಕ್ತಿಯನ್ನು ಒಂದು ಬೆಳ್ಳಿ ನಾಣ್ಯಕ್ಕೆ ಸೀಮಿತಗೊಳಿಸುವುದು ಮಾತ್ರ ಅನ್ಯಾಯ. ನನ್ನ ಎರಡು ಮಂಡಿಗಳನ್ನು, ಅವು ಮೆಟ್ಟಿಲು ಹತ್ತುವಾಗ ಬೇಕಾದಷ್ಟು ಸದ್ದು ಮಾಡುತ್ತವೆಯಾದ್ದರಿಂದ ಯಾವ ಅನುಮಾನಕ್ಕೂ ಆಸ್ಪದವಿಲ್ಲದೆ, ಪಾರ್ಸೆಲ್ ಮಾಡಿ ಕಳುಹಿಸಲು ಸಿದ್ಧನಿದ್ದೇನೆ. ವಸ್ತುಸಂಗ್ರಹಾಲಯದ ಹಳೆಯ ಕಂಚಿನ ಪ್ರತಿಮೆಗಳೆಲ್ಲ ಹಸಿರು ಹಿಡಿದು ನಿಂತಿವೆ, ಗ್ರಂಥಾಲಯದಲ್ಲಿ ಪುಟಗಳೆಲ್ಲ ಹಳದಿಯಾಗಿವೆ, ಚಂದ್ರನ ಮೇಲೆ ಕಲೆ ಇದೆ ಎಂದು ಲೋಕವೆಲ್ಲ ಎಷ್ಟು ಕಾಲದಿಂದ ದೂರುತ್ತಿದೆ, ಒಂದು ಡಬ್ಬಿ ಪೇಸ್ಟ್ ಮತ್ತು ಮೂರನೆಯ ಮೇಜಿನ ಒಂದು ಬೆಳಗಿನ ಸಮಯ ಸಾಕು. ನನ್ನ ಮನೆಯಾಕೆಯ ಕೂದಲಿನ ಬಗ್ಗೆ ವಿಚಾರಿಸಲು ಹೊರಟಿದ್ದೆ, ಅವಳು ಈ ಪತ್ರದ ಕರಡನ್ನು ಓದಿ ಆ ವಾಕ್ಯಕ್ಕೆ ಅಡ್ಡಗೆರೆ ಎಳೆದಳು.

ಇನ್ನು ನನ್ನ ಕೋರಿಕೆ. ಪರಿಹಾರದ ಫಾರಂ ತುಂಬುವ ಆಸೆ ನನಗಿಲ್ಲ. ಆ ಹೆಣ್ಣುಮಗಳ ಫೋಟೋ ಗೋಡೆಯಿಂದ ಇಳಿಯಬಾರದು, ಅವರ ಮೇಲೆ ಯಾವ ಕ್ರಮವೂ ಆಗಬಾರದು. ಒಂಬತ್ತನೆಯ ನಿಯಮ ಬರೆದವರು ಅವರಲ್ಲ. ನಾಣ್ಯಕ್ಕೆ ಬಣ್ಣ ಹಿಂದಿರುಗಿಸುವುದು ತಮ್ಮಿಂದಾಗದು, ಅದಕ್ಕೆ ಒಂದು ಗುಂಡಿ ಡಬ್ಬ, ಒಂದು ಕಂದು ಕಾಗದ ಮತ್ತು ಅರವತ್ತೆರಡು ವರ್ಷ ಬೇಕು, ನನಗೆ ಅಷ್ಟು ಪುರುಸೊತ್ತಿಲ್ಲ. ಆದರೆ ಗಡಿಯಾರದಕ್ಕ ಪ್ರತಿ ದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಸಂಗ್ರಹಕಾರರ ಸಂತೆಯ ಪ್ರಕಟಣೆಯ ಪುಟ ನೋಡುತ್ತಾರೆ. ತಾವು ಅಲ್ಲಿ, ತಮ್ಮ ಹೆಸರು, ಹುದ್ದೆ, ಸಹಿ ಮತ್ತು ತಾರೀಖಿನೊಂದಿಗೆ, 'ಆ ನಾಣ್ಯವನ್ನು ಉಜ್ಜಿದ್ದು ನಾವು, ಕಳುಹಿಸಿದವರಲ್ಲ' ಎಂಬ ಒಂದೇ ಒಂದು ವಾಕ್ಯವನ್ನು ಬರೆಯಬೇಕು. ನನ್ನ ಮೇಲ್‌ಗೆ ಬರುವ ಖಾಸಗಿ ವಿಷಾದ ನನಗೆ ಬೇಡ. ನನ್ನ ಹೆಸರು ಕೆಟ್ಟದ್ದು ಎಲ್ಲರೆದುರಿಗೆ. ಹತ್ತು ದಿನಗಳೊಳಗೆ, ಅದೇ ಪುಟದಲ್ಲಿ, ಎಲ್ಲರೂ ಓದುವಂತೆ ತಮ್ಮ ಉತ್ತರ ಬರಲಿ.

ಉತ್ತರದ ನಿರೀಕ್ಷೆಯಲ್ಲಿ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯವನು

ಮರೆತ ಮಾತು: ಸೇವೆ ಹೇಗಿತ್ತೆಂದು ಕೇಳಿ ತಮ್ಮ ಸಂಸ್ಥೆಯಿಂದ ಬಂದ ಸಂದೇಶಕ್ಕೆ ನಾನು ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದೇನೆ, ದಯವಿಟ್ಟು ಅದನ್ನು ಮೆಚ್ಚುಗೆ ಎಂದುಕೊಳ್ಳಬಾರದು. ಅದಕ್ಕಿಂತ ಕಡಿಮೆ ಕೊಟ್ಟವರು ಕಾರಣವನ್ನು ನಲವತ್ತು ಅಕ್ಷರಗಳಲ್ಲಿ ಹೇಳಬೇಕಂತೆ. ನನಗೆ ಸ್ವಲ್ಪ ಹೆಚ್ಚು ಜಾಗ ಬೇಕಾಗಿತ್ತು.