ಉಪಗ್ರಹಕ್ಕೆ ಕೇಳದ ಮಾತು

ಎಲ್ಲ ಆದದ್ದು ಉಪ್ಪಿಟ್ಟು ಕಟ್ಟಿಕೊಟ್ಟ ಪೇಪರಿನಿಂದ. ಬನಹಟ್ಟಿಯ ನೂಲಿನ ಅಂಗಡಿಯಲ್ಲಿ ಕಾರಕೂನನಾಗಿದ್ದ ವೀರೇಶ ಉಪ್ಪಿಟ್ಟು ಮುಗಿಸಿ, ಎಣ್ಣೆ ಹತ್ತಿದ ಹಾಳೆಯನ್ನು ಓದತೊಡಗಿದ. ಯಾವುದೋ ದೊಡ್ಡ ದೇಶ ಗುಟ್ಟಾಗಿ ಒಂದು ಉಪಗ್ರಹ ಹಾರಿಸಿದೆಯಂತೆ. ಭೂಮಿ ತಿರುಗಿದ ಹಾಗೆ ಅದೂ ತಿರುಗುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಇರುತ್ತದಂತೆ. ಕೆಲಸವೇನೆಂದರೆ, ಜನ ಫೋನಿನಲ್ಲಿ ಆಡುವ ಮಾತನ್ನು ಕದ್ದು ಕೇಳುವುದು.

ಬೇರೆಯವರಾಗಿದ್ದರೆ ಹಾಳೆಯನ್ನು ಮುದ್ದೆ ಮಾಡಿ ಒಗೆಯುತ್ತಿದ್ದರು. ವೀರೇಶ ಹಗಲುಗನಸಿನ ಮನುಷ್ಯ, ನೂಲು ತೂಗುತ್ತಲೇ ಮೋಡ ಎಣಿಸುವವನು. ಮನೆಮಠವಿಲ್ಲದೆ, ನಿದ್ದೆಯಿಲ್ಲದೆ, ಪಾಪ, ಬನಹಟ್ಟಿಯ ನೆತ್ತಿಯ ಮೇಲೆ ಕಿವಿಯಿಟ್ಟು ನಿಂತ ಅದು ಅವನ ಕಣ್ಣಿಗೆ ಕಟ್ಟಿತು. ಅದಕ್ಕೂ ಇದೇ ದಿನ ಸಿಗಬೇಕೆ?

ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ ತೇರದಾಳದ ಗಂಗಾಂಬಿಕಾ ನಿನ್ನೆಯೇ ಸ್ಪಷ್ಟವಾಗಿ ಹೇಳಿದ್ದಳು: "ಮುಧೋಳದಾವ್ರು ನನ್ನ ನೋಡಿ ಹೋಗ್ಯಾರ. ನಾಳೆ ಹನ್ನೆರಡಕ್ಕ ಅಪ್ಪಗ ಜವಾಬು ಕೊಡಬೇಕು. ಅದರೊಳಗ ನಿಮ್ಮ ಮನಸ್ನ್ಯಾಗ ಏನೈತಿ, ಫೋನ್ ಮಾಡಿ ಹೇಳ್ರಿ."

ಎರಡು ವರ್ಷ ಎದೆಯಲ್ಲಿಟ್ಟುಕೊಂಡ ಮಾತು. ಅದನ್ನು ಪರದೇಶದವರು ಕೇಳಿ ನಗುವುದು ವೀರೇಶನಿಗೆ ಸಹಿಸಲಾಗಲಿಲ್ಲ. ಗೋದಾಮಿಗೆ ಹೋಗಿ, ತಲೆಯ ಮೇಲೆ ಗೋಣಿಚೀಲ ಹೊದ್ದು, ನೂಲಿನ ಗಂಟುಗಳ ನಡುವೆ ಕುಳಿತ. ರೇಂಜ್ ಸಿಗಲಿಲ್ಲ. ಸಿಕ್ಕವನು ಹಿರಿಯ ಕಾರಕೂನ ರಾಚಪ್ಪ.

"ಯಾರಿಗಿ ಹೆದರಿ ಅಡಗಿ ಕುಂತೀಯೋ ತಮ್ಮಾ?"

ವೀರೇಶ ಬೆವರು ಒರೆಸಿಕೊಳ್ಳುತ್ತ ಎಲ್ಲ ಹೇಳಿದ. ರಾಚಪ್ಪ ನಗಲಿಲ್ಲ. ಊರಿಗೆಲ್ಲ ಪುಕ್ಕಟೆ ಸಲಹೆ ಕೊಡುವವನು, ಉಪಗ್ರಹಕ್ಕೆ ಹಿಂಜರಿಯುತ್ತಾನೆಯೇ?

"ಮಗ್ಗದ ಮನಿಗೆ ಹೋಗು. ಇಪ್ಪತ್ತು ಮಗ್ಗ ಖಟಕ್ ಖಟಕ್ ಅನ್ನುವಾಗ ಅಲ್ಲಿ ದೇವರಿಗೂ ನಮ್ಮ ಮಾತು ಕೇಳೂದಿಲ್ಲ."

ಹನ್ನೊಂದೂವರೆಗೆ ವೀರೇಶ ವಿದ್ಯುತ್ ಮಗ್ಗಗಳ ನಡುವೆ ನಿಂತಿದ್ದ. ಆಚೆ ಅನಸವ್ವ, ತಂಗೆವ್ವ ಹರಿದ ಎಳೆಗಳನ್ನು ಗಂಟು ಹಾಕುತ್ತಿದ್ದರು. ನಂಬರು ಒತ್ತಿ, ಕಣ್ಣು ಮುಚ್ಚಿ, ಅವನು ಕೂಗಿಯೇ ಹೇಳಿದ: "ಹೊಳಿ ದಂಡಿಗೆ ಎರಡು ಖೋಲಿ ಮನಿ ಹಿಡೀತೇನಿ. ಸಂಜಿಮುಂದ ಬಾಗಲದಾಗ ಕುಂತು ನೀರು ನೋಡೂಣು. ನೀ ಮಾತಾಡು, ನಾ ಕೇಳತೇನಿ. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ."

ಎದೆ ಹಗುರಾಯಿತು. ಅವಳು ಏನಂದಳೋ ಅವನಿಗೆ ಕೇಳಿಸಲಿಲ್ಲ. ಕೃಷ್ಣೆಯ ನೀರಿನ ಮೇಲೆ ತೇಲುವವನಂತೆ ಹೊರಗೆ ಬಂದ. ಅನಸವ್ವ, ತಂಗೆವ್ವ ಇಬ್ಬರೂ ಅವನ ಹಿಂದೆಯೇ ಬಂದರು.

"ಹೊಳಿ ದಂಡಿ ಬ್ಯಾಡ ತಮ್ಮಾ, ಸೊಳ್ಳಿ ಭಾಳ," ಎಂದಳು ಅನಸವ್ವ. "ನಮ್ಮ ಓಣ್ಯಾಗ ಛಲೋ ಖೋಲಿ ಅದಾವ."

ವೀರೇಶನ ಮುಖ ಬಿಳಿಚಿತು. "ನಿಮಗ ಹ್ಯಾಂಗ ಕೇಳಿಸ್ತು?"

"ಕೇಳೂದ್ಯಾಕ?" ಅನಸವ್ವ ನಕ್ಕಳು. "ಮದುವಿ ಆಗಿ ಬಂದಾಗಿಂದ ಆ ಸಪ್ಪಳದಾಗ ಮಾತಾಡೀವಿ. ತುಟಿ ನೋಡಿದ್ರ ಸಾಕು, ಎಲ್ಲಾ ತಿಳೀತೈತಿ."

ಅಷ್ಟರಲ್ಲಿ ಎದುರು ಮನೆಯವಳು, "ಹೊಳಿ ನೀರು ನೋಡಾಕ ಯಾವಾಗ ಹೋಗ್ತೀರಿ?" ಎಂದು ಕೇಳಿದಳು. ಮಾತು ಆಗಲೇ ಓಣಿ ದಾಟಿತ್ತು. ವೀರೇಶನಿಗೆ ನಾಚಿಕೆಯಾಯಿತು, ಒಳಗೊಳಗೇ ಸುಖವೂ ಆಯಿತು. ಓಣಿಗೆ ತಿಳಿದರೇನು, ತಿಳಿಯಬೇಕಾದವಳಿಗೆ ತಿಳಿಯಿತಲ್ಲ.

ಹನ್ನೆರಡು ದಾಟಿದ ಮೇಲೆ ಫೋನ್ ಬಂತು.

"ಏನ್ರೀ ನೀವು," ಗಂಗಾಂಬಿಕಾಳ ದನಿ ಒಡೆದಿತ್ತು. "ಬರೇ ಖಟಕ್ ಖಟಕ್ ಸಪ್ಪಳ. ಹಲೋ ಹಲೋ ಅಂದು ಸಾಕಾತು. ಒಂದ ಮಾತರೆ ಹೇಳಿದ್ರ ನಾ ಕಾಯತಿದ್ದೆ. ಅಪ್ಪ ಮುಂದಽ ನಿಂತಿದ್ರು, ಮುಧೋಳದಾವ್ರಿಗೆ ಹೂಂ ಅಂದೆ. ಆಗಲೇ ಸಕ್ಕರಿ ಹಂಚಾಕತ್ತಾರ."

ಫೋನ್ ಕಟ್ಟಾಯಿತು. ವೀರೇಶ ಅದನ್ನು ಕಿವಿಗೆ ಹಿಡಿದೇ ನಿಂತ. ತುಟಿಗಳು ಸುಮ್ಮನೆ ಅಲುಗುತ್ತಿದ್ದವು.

ತಂಗೆವ್ವ ಅನಸವ್ವನನ್ನು ಮೆಲ್ಲಗೆ ತಿವಿದಳು. "ಈಗ ಏನಂದ ಬೇ?"

ಅನಸವ್ವ ಅವನ ತುಟಿಗಳನ್ನೇ ಬಹಳ ಹೊತ್ತು ನೋಡಿದಳು.

"ಏನೂ ಅನ್ನಾಕತ್ತಿಲ್ಲ," ಎಂದಳು.