ಕಾಕುವಿನ ಶ್ರುತಿಗೆ ಕಾಕಾ

ನಮ್ಮ ಕಾಕಾ ಅರವತ್ತು ದಾಟಿದ ಮೇಲೆ ಬೆಕ್ಕಿನ ಮರಿಯಂತೆ ಅಳುವುದನ್ನು ಕಲಿಯಲು ವಾರಕ್ಕೆರಡು ಸಲ, ಎರಡೆರಡು ಬಸ್ಸು ಬದಲಿಸಿ, ಬಾಲಾನಗರದಿಂದ ಕೊಂಡಾಪುರಕ್ಕೆ ಹೋಗುತ್ತಿದ್ದರು. ಉತ್ಪ್ರೇಕ್ಷೆ ಅಂತೀರಾ? ಹೌದು, ಸ್ವಲ್ಪ ಇದೆ. ಕೆಲವು ಸಲ ಒಂದೇ ಬಸ್ಸು ಸಿಗುತ್ತಿತ್ತು!

ಕಾಕಾ ಮೂವತ್ತು ವರ್ಷ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರಿಗೆ ಒಂದೇ ದನಿ ಉಳಿದಿತ್ತು. ಮನೆಯೊಳಗೆ ಅವರು ಗುಟ್ಟು ಹೇಳಿದರೆ ಬೀದಿಯ ಕೊನೆಯ ಇಸ್ತ್ರಿಯವನು ಮರುದಿನ ಅದಕ್ಕೆ ಸಲಹೆ ಕೊಡುತ್ತಿದ್ದ. ಹಾಡೇನಿದ್ದರೂ ಅವರ ಹೆಂಡತಿ, ನಮ್ಮ ಕಾಕುವಿನ ಪಾಲು. ಪ್ರತಿ ಶುಕ್ರವಾರ ಸಂಜೆ ಲಕ್ಷ್ಮಿಗೆ ಆರತಿ ಎತ್ತುವಾಗ ಕಾಕು ಹಾಡಬೇಕು, ಕಾಕಾ ಜಾಗಟೆ ಬಾರಿಸಬೇಕು. ಅಪ್ಪಿತಪ್ಪಿ ಕಾಕಾ ದನಿ ಸೇರಿಸಿದರೋ, ಕಾಕು ಹಾಡು ನಿಲ್ಲಿಸಿ, "ನೀವು ಜಾಗಟಿ ಅಷ್ಟ ನೋಡ್ಕೋರಿ" ಎನ್ನುತ್ತಿದ್ದಳು.

ಹೀಗಿರುವಾಗ ಕಾಕುವಿನ ಗಂಟಲಿಗೆ ಆಪರೇಷನ್ ಆಯಿತು. ಗಂಟು ತೆಗೆದರು, ಜೀವಕ್ಕೇನೂ ಆಗಲಿಲ್ಲ. ದನಿ ಮಾತ್ರ ತಳ ಹಿಡಿದ ಪಾತ್ರೆ ಕೆರೆದಂತಾಯಿತು. ಮೆಲ್ಲಗೆ ಮಾತಾಡಿ, ಹಾಡಿ, ಹಾಗೇ ಸುಧಾರಿಸುತ್ತದೆ ಎಂದು ಡಾಕ್ಟರು ಹೇಳಿದರೂ ಕಾಕು ನಾಚಿಕೊಂಡು ಬಾಯಿಗೆ ಬೀಗ ಹಾಕಿಬಿಟ್ಟಳು. ಸೌಟು ಎತ್ತಿದರೆ ಊಟಕ್ಕೆ ಬನ್ನಿ, ಚೀಲ ಎತ್ತಿದರೆ ಕಾಯಿಪಲ್ಲೆ ತನ್ನಿ. ನಾಲ್ಕು ತಿಂಗಳು ಶುಕ್ರವಾರದ ಆರತಿ ಬರೀ ಜಾಗಟೆಯ ಮೇಲೆ ನಡೆಯಿತು.

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಕಾಕಾ ನನ್ನನ್ನು ಮೂಲೆಗೆ ಕರೆದು ಗುಟ್ಟು ಹೇಳಿದರು. (ಇಸ್ತ್ರಿಯವನೂ ಕೇಳಿಸಿಕೊಂಡಿರಬೇಕು.)

"ಆಕಿ ಆರತಿ ಹಾಡು ಇನ್ನ ನಾನ ಹಾಡಾಂವ. ನಾ ತಪ್ಪಿದ್ರ ಆಕಿ ಸುಮ್ನ ಕೂಡಾಕಿ ಅಲ್ಲ. ಬೈಯಾಕರ ಬಾಯಿ ತಗೀತಾಳ!"

"ಹಂಗಾದ್ರ ಶ್ರುತಿ ಇಳಿಸಿ ಹಾಡ್ರಿ ಕಾಕಾ."

"ಇಳಿಸಿದ್ರ ಅದು ನನ್ನ ಹಾಡಾಗತೈತಿ. ಆಕಿ ಹಾಡು ಆಗಬೇಕಂದ್ರ ಆಕಿ ಶ್ರುತಿಗೇ ಹಚ್ಚಬೇಕು."

ಹಚ್ಚುವುದೇನು ಸುಲಭವೇ? ಅಷ್ಟು ಎತ್ತರಕ್ಕೆ ಏರಹೋದರೆ ಕಾಕಾನ ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ಕೊನೆಗೆ ದನಿ ಒಡೆಯುತ್ತಿತ್ತು. ಅವರನ್ನು ನಮ್ಮ ಆಫೀಸಿನ ಉಡುಪಿಯ ಗೆಳೆಯನ ಬಳಿ ಕರೆದೊಯ್ದೆ. ಅವನು ಹಗಲೆಲ್ಲ ಕೋಡ್ ಬರೆದು ಸಂಜೆ ಕೊಂಡಾಪುರದ ತನ್ನ ಫ್ಲ್ಯಾಟಿನಲ್ಲಿ ಹಾಡು ಕಲಿಸುತ್ತಿದ್ದ. ಎದೆಯ ದನಿಯನ್ನೇ ಮೇಲಕ್ಕೆ ತಳ್ಳಿದರೆ ಗಂಟಲಿಗೆ ಪೆಟ್ಟು, ತಲೆಯ ದನಿಯೊಂದೇ ಆದರೆ ತೀರಾ ತೆಳು. ಎರಡನ್ನೂ ಬೆರೆಸಿ, ಒತ್ತಾಯವಿಲ್ಲದೆ ಏರಬೇಕು, ಅದೇ ಮಿಕ್ಸ್ಡ್ ವಾಯ್ಸ್ ಎಂದು ವಿವರಿಸಿದ. ಕಾಕಾ ತಲೆದೂಗಿದರು. "ಗೇರ್ ಬದಲಿಸೂ ಮುಂದ ಕ್ಲಚ್ ಹಿಡೀಬೇಕು, ಹೌದಲ್ಲೋ? ತಿಳೀತು!" ಎಂದವರೇ ಒಂದು ಸ್ವರ ಹಚ್ಚಿದರು. ಪಕ್ಕದ ಸೈಟಿನಲ್ಲಿ ಬಂಡೆ ಕೊರೆಯುತ್ತಿದ್ದವರು ಯಂತ್ರ ನಿಲ್ಲಿಸಿ ಮೇಲೆ ನೋಡಿದರು.

"ಬೊಬ್ಬೆ ಹಾಕ್ಬೇಡಿ ಮಾರಾಯ್ರೆ!" ಎಂದ ಗೆಳೆಯ.

"ಬೊಬ್ಬಿ ಎಲ್ಲಿ ಹೊಡದೆ? ಇನ್ನೂ ದನೀನ ತಗದಿಲ್ಲ!"

ಅಲ್ಲಿಂದ ಬೆಕ್ಕಿನ ಮರಿ ಶುರು. ಸಣ್ಣಗೆ ಮಿಯಾಂವ್ ಎನ್ನುತ್ತ ಏರಿದರೆ ಗಂಟಲು ಬಿಗಿಯುವುದಿಲ್ಲವಂತೆ. ಆಮೇಲೆ ತುಟಿ ಅದುರಿಸಿ ಬುರ್ರ್ ಎನ್ನುವ ಪಾಠ. ಮೇ ತಿಂಗಳ ಬಿಸಿಲಿನಲ್ಲಿ, ಬಸ್ಸಿನೊಳಗೆ ಕಾಕಾ ಇದನ್ನು ಅಭ್ಯಾಸ ಮಾಡುತ್ತಿದ್ದಾಗ ಕಂಡಕ್ಟರು ಗಾಬರಿಯಾಗಿ, "ಚಲಿ ಪೆಡುತುಂದಾ ತಾತಾ?" ಎಂದು ಕೇಳಿ, ಚಳಿಯೇ ಇರಬೇಕೆಂದು ಕಿಟಕಿ ಮುಚ್ಚಿಬಿಟ್ಟರು! ಮುಂದಿನದು ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಅದರ ಮೂಲಕ ಸ್ವರ ಊದುವುದು. ಒಂದೇ ಒಂದು ಸ್ಟ್ರಾ ಸಾಕಿತ್ತು. ಕಾಕಾ ಬೇಗಂ ಬಜಾರಿಗೆ ಹೋಗಿ ಸಗಟಿನಲ್ಲಿ ಒಂದು ಮೂಟೆ ತಂದರು. "ಶಾದಿ ಹೈ ಕ್ಯಾ ಚಾಚಾ?" ಎಂದನಂತೆ ಅಂಗಡಿಯವನು. "ನೈ ಮಿಯಾ, ಗಾನಾ ಸೀಖ್ ರಹಾ ಹೂಂ" ಎಂದರಂತೆ ಇವರು. ಅವನು ಮುಂದೇನೂ ಕೇಳದೆ ಹತ್ತು ಸ್ಟ್ರಾ ಹೆಚ್ಚಿಗೆ ಹಾಕಿ ಕಳಿಸಿದ.

ಮನೆಯಲ್ಲಿ ಈ ಗುಳುಗುಳು ಶುರುವಾದರೆ ಕಾಕು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕಾಕಾ ಹಿಗ್ಗಿ ಹೀರೇಕಾಯಿಯಾಗಿ ನನಗೆ ಫೋನ್ ಮಾಡುತ್ತಿದ್ದರು. "ಇವತ್ತು ಕಿವಿ ಮುಚ್ಚಿಕೊಂಡ್ಲು! ಅಂದ್ರ ಕೇಳಾಕತ್ತಾಳ!"

ಶ್ರಾವಣದ ಒಂದು ಶುಕ್ರವಾರ ಕಾಕಾ ಜಾಗಟೆಯನ್ನು ನನ್ನ ಕೈಗೆ ಕೊಟ್ಟರು. ಕಾಕು ಆರತಿ ಎತ್ತಿದಳು. ಕಾಕಾ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ಹಾಡು ಹಚ್ಚಿದರು, ಕಾಕುವಿನದೇ ಶ್ರುತಿಗೆ. ಎತ್ತರದ ಸಾಲು ಬಂದಾಗ ನಾನು ಹೆದರಿ ಜಾಗಟೆ ನಿಲ್ಲಿಸಿದೆ. ನರ ಉಬ್ಬಲಿಲ್ಲ, ದನಿ ಒಡೆಯಲಿಲ್ಲ. ಮೂವತ್ತು ವರ್ಷ ಯಂತ್ರದ ಮೇಲೆ ಕೂಗಿದ ಮನುಷ್ಯನ ಬಾಯಿಂದ ಮೆತ್ತಗಿನ, ತುಸು ನಡುಗುವ ಸ್ವರವೊಂದು ಹೊರಟು ಮೇಲೆ ಹೋಗಿ ನಿಂತಿತು. ಆ ಸಂಭ್ರಮದಲ್ಲಿ ಉಸಿರು ಸಾಲದೆ ಅವರು ಸಾಲಿನ ಅರ್ಧದಲ್ಲೇ ಸುಮ್ಮನಾದರು.

ಉಳಿದರ್ಧವನ್ನು ಕಾಕು ಹಾಡಿದಳು. ಬೈಯಲಿಲ್ಲ, ಹಾಡಿದಳು! ಎಲ್ಲೋ ಕೆಳಗಿನ ಶ್ರುತಿಯಲ್ಲಿ, ಕೆರೆದ ದನಿಯಲ್ಲಿ, ತಡೆತಡೆದು. ನಾನು ತಿರುಗಿ ಕಾಕುವನ್ನೇ ನೋಡಿದೆ. ಕಾಕಾ ಮಾತ್ರ ಕಣ್ಣು ತೆರೆಯಲೇ ಇಲ್ಲ. ತಾವು ನೋಡಿದರೆ ಆಕೆ ನಾಚಿ ನಿಲ್ಲಿಸಿಯಾಳೆಂದು, ಮುಚ್ಚಿದ ಕಣ್ಣಿನಿಂದಲೇ ನೀರಿಳಿಸುತ್ತ ಮುಂದಿನ ಸಾಲು ಎತ್ತಿಕೊಂಡರು.