ಉಲ್ಟಾ ಬುನಾದ್

ಎಲ್ಲದಕ್ಕೂ ಮೂಲ ಬೆಣ್ಣೆ. ತಿನ್ನುವ ಬೆಣ್ಣೆಯಲ್ಲ, ಅತ್ತೆಗೆ ಹಚ್ಚಿದ ಬೆಣ್ಣೆ.

ಹಾಲ್ವರನ ಅತ್ತೆ ಬೋರ್ಗಿಲ್ಡ್ ಒಂದು ಕ್ರಿಸ್ಮಸ್ಸಿಗೆ ಮೊಮ್ಮಗಳು ತಿರಿಲ್‌ಗೆಂದು ಕೈಯಾರೆ ಹೊಲಿದ ಬುನಾದ್ ಎಂಬ ನಾಡುಡುಗೆ ಕಳಿಸಿದಳು. ಉಣ್ಣೆಯ ಲಂಗ, ಕಸೂತಿಯ ಕುಪ್ಪಸ, ಜೊತೆಗೆ ಅಲುಗಿದರೆ ಗಿಲಿಗಿಲಿ ಎನ್ನುವ ಬೆಳ್ಳಿ ಪದಕ. ಮೇ ಹದಿನೇಳರ ನಾಡಹಬ್ಬಕ್ಕೆ ಬುನಾದ್ ತೊಟ್ಟು ಮೆರವಣಿಗೆಯಲ್ಲಿ ನಡೆಯುವುದೆಂದರೆ ನಾರ್ವೆಯ ಜನಕ್ಕೆ ಬಟ್ಟೆಯ ಮಾತಲ್ಲ, ಮನೆತನದ ಬುನಾದಿಯ ಮಾತು. ಆದ್ದರಿಂದ ಅತ್ತೆ ಫೋನಿನಲ್ಲಿ "ಹೇಗಿದೆ, ಅವಳಿಗೆ ಹಿಡಿಸ್ತಾ?" ಎಂದು ಕೇಳಿದಾಗ ಹಾಲ್ವರ್ ಹಿಂದುಮುಂದು ನೋಡದೆ ಹೇಳಿಬಿಟ್ಟ.

"ಬೆಣ್ಣೆ ಥರ ಇದೆ."

ತಿರಿಲ್ ಅದನ್ನು ತೊಟ್ಟದ್ದು ಒಂದು ಸೀನು ಸೀನುವಷ್ಟು ಹೊತ್ತು. ಆಮೇಲೆ ಅವಳು ಚೀರಿದ ಚೀರಿಗೆ ಕ್ರಿಸ್ಮಸ್ ಮರದ ಗಾಜಿನ ಗುಂಡುಗಳು ನಡುಗಿದವು. ಬುನಾದ್ ಬೀರು ಸೇರಿತು.

ಏಳು ವರ್ಷದ ತಿರಿಲ್‌ಳ ತೊಂದರೆಗೆ ವೈದ್ಯರು ಮೊಳ ಉದ್ದದ ಹೆಸರೊಂದನ್ನು ಕೊಟ್ಟಿದ್ದರು. ಕಣ್ಣು ಕಿವಿ ಚರ್ಮ ತರುವ ಸುದ್ದಿಯನ್ನು ಅವಳ ಮಿದುಳು ಜರಡಿ ಹಿಡಿಯುವುದಿಲ್ಲವಂತೆ. ಬೇರೆಯವರಿಗೆ ಪಿಸುಮಾತಾಗಿ ಬಂದದ್ದು ಅವಳಿಗೆ ಡಂಗುರವಾಗಿ ಬರುತ್ತದಂತೆ. ಮನೆಯಲ್ಲಿ ಅದರ ಅರ್ಥ ಇಷ್ಟು: ಕಾಲುಚೀಲದ ಹೊಲಿಗೆ ಮುಳ್ಳು, ಅಂಗಿಯ ಲೇಬಲ್ ಚೇಳು, ಶಾಲೆಯ ಶೌಚಾಲಯದ ಕೈ ಒಣಗಿಸುವ ಯಂತ್ರ ಸಾಕ್ಷಾತ್ ರಾಕ್ಷಸ. ಕಾಲುಚೀಲವನ್ನು ಅವಳು ಒಳಮೈ ಹೊರಗೆ ತಿರುವಿಯೇ ಹಾಕುತ್ತಿದ್ದಳು. ಅದು ಹಠವಲ್ಲ ಎಂದು ಹಾಲ್ವರ್ ಅಂಗಡಿ, ಬಸ್ಸು, ಶಾಲೆ ಎಲ್ಲ ಕಡೆ ಹೇಳಿ ಹೇಳಿ ಸೋತಿದ್ದ. ಹೇಳದೇ ಉಳಿದದ್ದು ಅತ್ತೆಗೆ ಮಾತ್ರ. ಸೊಂಟ ನೋವಿನ ಮುದುಕಿ, ಕಣ್ಣು ಕಿರಿದು ಮಾಡಿಕೊಂಡು ಎರಡು ಚಳಿಗಾಲ ಹೊಲಿದದ್ದು. ಅದನ್ನು ಮಗು ಒಲ್ಲೆ ಎಂದಿತು ಅಂತ ಹೇಗೆ ಹೇಳುವುದು?

ಹೀಗಾಗಿ ಪ್ರತಿ ಭಾನುವಾರ ಫೋನು ಬಂದಾಗಲೂ ಇನ್ನೊಂದಿಷ್ಟು ಬೆಣ್ಣೆ. ತಿರಿಲ್ ಅದನ್ನು ಬಿಚ್ಚಲಿಕ್ಕೇ ಒಪ್ಪುವುದಿಲ್ಲ ಎಂದ. ನೆರೆಮನೆಯವರು ಮುಟ್ಟಿ ಮುಟ್ಟಿ ನೋಡುತ್ತಾರೆ ಎಂದ. ಅಂಥ ಉಣ್ಣೆ ಕಂಡರೆ ತನಗೇ ಹೊಟ್ಟೆಕಿಚ್ಚಾಗುತ್ತದೆ ಎಂದ. ಹೋದ ವರ್ಷದ ಹಬ್ಬದಲ್ಲಿ ಅತ್ತೆ ಫೋಟೋ ಕೇಳಿದಾಗ, ಗಟ್ಟಿಮುಟ್ಟಾಗಿದ್ದ ಮಗುವಿಗೆ ಜ್ವರ ಬರಿಸಿದ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವ ವಿದ್ಯೆ ತನಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಈ ವರ್ಷ ಅತ್ತೆಯ ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಹಬ್ಬದ ಬೆಳಗಿನ ದೋಣಿಗೆ ಬರುತ್ತೇನೆ, ತಿರಿಲ್ ನನ್ನ ಬುನಾದ್ ತೊಟ್ಟು ನಡೆಯುವುದನ್ನು ಒಂದು ಸಲ ನೋಡಿದರೆ ಸಾಕು ಎಂದಳು.

ಹೆಂಡತಿ ರಗ್ನ ಊರಿನ ಬ್ಯಾಂಡಿನಲ್ಲಿ ಕಹಳೆ ಊದುವವಳು, ಬೆಳಗ್ಗೆ ಎದ್ದು ಹೊರಟುಬಿಟ್ಟಳು. ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು. "ಸುಳ್ಳು ಹೆತ್ತೋನು ನೀನು, ಸಾಕೋನೂ ನೀನೇ."

ಹಾಲ್ವರ್ ತೆಳು ಹತ್ತಿಯ ಸೂಟು ತೊಟ್ಟು ಸಿದ್ಧನಾದ. ಅವನಿಗೆ ಬುನಾದ್ ಇರಲಿಲ್ಲ. ಉಣ್ಣೆ ಕತ್ತಿಗೆ ತಾಗಿದರೆ ಸಂತೆಯಲ್ಲಿ ಕಟ್ಟಿದ ಕರುವಿನ ಹಾಗೆ ಗೋಡೆಗೆ ಮೈ ಉಜ್ಜುವ ಜಾತಿ ಅವನದು. ಹೊಸ ಅಂಗಿ ತಂದ ದಿನವೇ ಲೇಬಲ್ ಕತ್ತರಿಸಿ ಎಸೆಯುತ್ತಿದ್ದ. ಅದು ಬರೀ ಅಭ್ಯಾಸ ಎಂದು ಅವನ ನಂಬಿಕೆ.

ತಿರಿಲ್ ಕಂದು ಚೀಸಿನ ಬ್ರೆಡ್ಡನ್ನು ಅಂಚು ತೆಗೆಸಿ ತಿಂದಳು. ಬುನಾದ್ ಕಂಡಕೂಡಲೇ ಕೈ ಕಟ್ಟಿಕೊಂಡಳು. ಆದರೂ ಒಳ್ಳೆಯ ಮಗು, ಅಪ್ಪನ ಮುಖ ನೋಡಿ ಒಂದು ಸಲ ಪ್ರಯತ್ನ ಮಾಡುತ್ತೇನೆ ಎಂದಳು. ಕುಪ್ಪಸದ ಒಂದು ತೋಳು ಹೋಯಿತು, ಎರಡನೆಯದೂ ಹೋಯಿತು. ಹಾಲ್ವರ್ ಉಸಿರು ಹಿಡಿದು ಕೊಂಡಿ ಹಾಕಿದ.

"ಪಪ್ಪಾ, ಕಚ್ತಿದೆ," ಎಂದಳು ತಿರಿಲ್, ಮೊದಲು ಮೆಲ್ಲಗೆ. ಆಮೇಲೆ ಇಡೀ ಕಟ್ಟಡಕ್ಕೆ ಕೇಳಿಸುವ ಹಾಗೆ.

ಕೇಳಿಸಿತು ಕೂಡ. ಎರಡು ನಿಮಿಷದಲ್ಲಿ ಕೆಳಮನೆಯ ಗುನ್ವೋರ್ ಬಾಗಿಲು ತಟ್ಟಿದಳು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಮೈತುಂಬ ತನ್ನ ಬುನಾದ್ ತೊಟ್ಟುಕೊಂಡು. ಬುನಾದಿನ ಮೇಲೆ ಕಪ್ಪು ಕನ್ನಡಕ ಹಾಕಿದವರನ್ನೂ ತಪ್ಪು ಬೂಟು ಮೆಟ್ಟಿದವರನ್ನೂ ಬೀದಿಯಲ್ಲೇ ತಡೆದು ತಿದ್ದುವ ಹೆಂಗಸರಿಗೆ ಅಲ್ಲಿ ಬುನಾದ್ ಪೊಲೀಸ್ ಎಂದು ಹೆಸರು. ಗುನ್ವೋರ್ ಆ ಪಡೆಯ ದೊಡ್ಡ ಅಧಿಕಾರಿ. ಅಳುತ್ತಿದ್ದ ಮಗುವನ್ನು ಮೇಲಿಂದ ಕೆಳಗೆ ನೋಡಿದಳು.

"ಮುದ್ದು ಜಾಸ್ತಿ ಆಯ್ತು ಹಾಲ್ವರ್. ಒಂದು ಗಂಟೆ ಬಿಗಿಯಾಗಿ ಹಾಕಿಸಿಬಿಡು, ತಾನೇ ಒಗ್ಗುತ್ತೆ. ನಾವೆಲ್ಲ ಹಾಗೇ ಬೆಳೆದಿದ್ದು."

ಒಗ್ಗುವುದಿಲ್ಲ, ಅದು ಹಠವಲ್ಲ ಎಂದು ಹಾಲ್ವರ್ ಹಳೆಯ ಭಾಷಣ ಶುರುಮಾಡಿದ. ಮಧ್ಯದಲ್ಲಿ ಮೇಲ್ಮನೆಯ ಸ್ಟೈನಾರ್ ಇಳಿದುಬಂದ. ನಿವೃತ್ತ, ಬೇಕಾದಷ್ಟು ಬಿಡುವು, ಅದಕ್ಕಿಂತ ಹೆಚ್ಚು ಸಲಹೆ. ಅವನ ಕೈಯಲ್ಲಿ ಆಗಲೇ ಹಬ್ಬದ ಸಾಸೇಜು. ಅದರ ವಾಸನೆಗೆ ತಿರಿಲ್ ಕುಪ್ಪಸ ಕಿತ್ತೆಸೆದು, ಮೂಗು ಮುಚ್ಚಿಕೊಂಡು ಮೇಜಿನಡಿ ಸೇರಿದಳು. ಸ್ಟೈನಾರ್ ಅದನ್ನು ಗಮನಿಸಲಿಲ್ಲ. ಕುಪ್ಪಸವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಉಣ್ಣೆ ಅಂದರೆ ಕೂದಲೇ ತಾನೇ, ಕೂದಲಿಗೆ ಹಚ್ಚುವ ಕಂಡಿಷನರ್ ಕತ್ತಿನ ಪಟ್ಟಿಗೆ ಸವರಿದರೆ ರೇಷ್ಮೆಯಾಗುತ್ತದೆ ಎಂದು ತೀರ್ಪು ಕೊಟ್ಟ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಹಾಲ್ವರ್ ಸವರಿದ.

ರೇಷ್ಮೆಯೇನೋ ಆಗಲಿಲ್ಲ, ಕುಪ್ಪಸವೆಲ್ಲ ತೆಂಗಿನಕಾಯಿಯ ವಾಸನೆಯಾಯಿತು. ಕಚ್ಚುವ ಬಟ್ಟೆ ಈಗ ಕಚ್ಚುವ ಮತ್ತು ನಾರುವ ಬಟ್ಟೆ ಎಂದು ತಿರಿಲ್ ಮೇಜಿನಡಿಯಿಂದಲೇ ತಿಳಿಸಿದಳು.

ವಾಸನೆ ಹೋಗಲೆಂದು ಹಾಲ್ವರ್ ಅದನ್ನು ಬಾಲ್ಕನಿಯಲ್ಲಿ ಹರವಿದ. ಫ್ಯೋರ್ಡ್ ಎಂಬ ಕಡಲ ಕೊಲ್ಲಿಯ ಕಡೆಯಿಂದ ಬೀಸಿದ ಗಾಳಿ ವಾಸನೆಯನ್ನು ಮಾತ್ರ ಒಯ್ಯಬೇಕಿತ್ತು, ಕುಪ್ಪಸವನ್ನೂ ಒಯ್ದಿತು. ಅದು ಹಾರಿ ಹೋಗಿ ಗುನ್ವೋರ್‌ಳ ಬಾಲ್ಕನಿಯಲ್ಲಿ ರಾಷ್ಟ್ರಧ್ವಜದ ಕೋಲಿಗೆ ಸಿಕ್ಕಿಕೊಂಡು, ಎರಡು ತೋಳು ಚಾಚಿ ಊರಿಗೆಲ್ಲ ಶುಭಾಶಯ ಹೇಳತೊಡಗಿತು. ಗುನ್ವೋರ್ ಅದನ್ನು ಕೋಲಿನಿಂದ ಬಿಡಿಸಿ, ತಣ್ಣೀರಲ್ಲಿ ಒರೆಸಿ, ಒಣಗಿಸಿ ತಂದುಕೊಟ್ಟಳು. ಜೊತೆಗೆ ಬುನಾದ್, ಬಾವುಟ, ಈಗಿನ ಕಾಲದ ಅಪ್ಪಂದಿರು ಈ ಮೂರರ ಬಗ್ಗೆಯೂ ತನ್ನ ಅಭಿಪ್ರಾಯ ಕೊಟ್ಟಳು. ಹಾಲ್ವರ್ ತಲೆ ತಗ್ಗಿಸಿ ಕೇಳಿದ. ಅವನಿಗೆ ಯಾರನ್ನಾದರೂ ಒದೆಯಬೇಕೆನಿಸುತ್ತಿತ್ತು, ಯಾರನ್ನೆಂದು ತಿಳಿಯಲಿಲ್ಲ.

ದೂರದಲ್ಲಿ ದೋಣಿ ಕೂಗಿತು. ಹಾಲ್ವರ್ ಮೇಜಿನ ಪಕ್ಕ ನೆಲದ ಮೇಲೆ ಕುಸಿದು ಕೂತ.

ತಿರಿಲ್ ಕೆಂಪು ಕಿವಿಮುಚ್ಚಳ ಹಾಕಿಕೊಂಡಿದ್ದಳು. ಒಂದು ಕಿವಿಯದನ್ನು ಸರಿಸಿ ಕೇಳಿದಳು, "ನಾನು ಹಾಕ್ಕೊಳ್ದಿದ್ರೆ ಅಜ್ಜಿಗೆ ಬೇಜಾರಾಗುತ್ತಾ?"

"ಆಗುತ್ತೆ," ಎಂದ ಹಾಲ್ವರ್. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ. "ಆದ್ರೆ ತಪ್ಪು ನಿಂದಲ್ಲ ಮರಿ, ನಂದು. ಬೇಡ ಬಿಡು. ನಾನೇ ಅಜ್ಜಿಗೆ ಎಲ್ಲಾ ಹೇಳ್ತೀನಿ."

ಹೇಳಿ ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಇದನ್ನು ಮೊದಲೇ ಮಾಡಿದ್ದರೆ ಒಂದೂವರೆ ವರ್ಷದ ನಿದ್ದೆ ಉಳಿಯುತ್ತಿತ್ತು ಎನಿಸಿತು. ದೋಣಿ ಕಟ್ಟೆಯ ಮೇಲೆ ಆಡಬೇಕಾದ ಮಾತುಗಳನ್ನು ಕನ್ನಡಿಗೆ ಒಪ್ಪಿಸಿ, ಮುಖ ಒರೆಸಿಕೊಂಡು ಹೊರಗೆ ಬಂದ.

ತಿರಿಲ್ ಬುನಾದ್ ತೊಟ್ಟು ನಿಂತಿದ್ದಳು. ಒಳಗೆ ತೊಳೆದು ತೊಳೆದು ತೆಳ್ಳಗಾದ ಅವಳ ಹಳೆಯ ಹತ್ತಿಯ ಅಂಗಿ. ಮೇಲೆ ಲಂಗ, ಕುಪ್ಪಸ ಎರಡೂ. ಎರಡೂ ಉಲ್ಟಾ. ಕಸೂತಿ ಒಳಗೆ, ಹೊಲಿಗೆಯೆಲ್ಲ ಹೊರಗೆ. ಮಗು ಬೆಳೆದಂತೆ ಬಿಚ್ಚಲೆಂದು ಅಜ್ಜಿ ಒಳಗೆ ಅಸ್ತರಿ ಬಟ್ಟೆ ಹೊಲಿಯದೆ ಬಿಟ್ಟಿದ್ದ ಮಡಿಕೆಗಳು ಬೆನ್ನುದ್ದಕ್ಕೂ ಎದ್ದು ಕಾಣುತ್ತಿದ್ದವು.

"ಕಾಲುಚೀಲ ಥರ ಹಾಕ್ಕೊಂಡೆ," ಎಂದಳು. "ಈಗ ಹೊಲಿಗೆ ಹೊರಗಿದೆ. ಕಚ್ಚೋದಾದ್ರೆ ಗಾಳಿನ ಕಚ್ಚಲಿ."

ಇವಳ ಮುಂದೆ ವೈದ್ಯರೇನು, ಸ್ಟೈನಾರನೇನು. ಹಾಲ್ವರ್ ಅವಳ ಕೈ ಹಿಡಿದು ಮೆಟ್ಟಿಲಿಳಿದ. ಕೆಳಗೆ ಗುನ್ವೋರ್ ದಾರಿಗಡ್ಡ ನಿಂತಳು. ಅವಳ ಬಾಯಿಂದ ಪಿನ್ನು ಬಿತ್ತು.

"ಅದು ಉಲ್ಟಾ," ಎಂದಳು.

"ಹೌದು, ಉಲ್ಟಾ," ಎಂದ ಹಾಲ್ವರ್, ನಿಲ್ಲದೆ.

ಕಣ್ಣೆದುರು ಅಪರಾಧ ನಡೆಯುವಾಗ ಪೊಲೀಸು ಸುಮ್ಮನಿರುವುದುಂಟೇ? ಗುನ್ವೋರ್ ಬೆನ್ನು ಹತ್ತಿದಳು. ಗುನ್ವೋರ್ ಹೊರಟಳೆಂದು ಸ್ಟೈನಾರನೂ ಹೊರಟ.

ಅತ್ತೆ ದೋಣಿಯಿಂದ ಇಳಿದು ನಿಂತಿದ್ದಳು, ತನ್ನ ಬುನಾದಿನಲ್ಲಿ, ಕಲ್ಲು ತುಂಬಿದಂಥ ದೊಡ್ಡದೊಂದು ಪೆಟ್ಟಿಗೆಯೊಂದಿಗೆ. ಮೊಮ್ಮಗಳನ್ನು ಕಂಡು ತೋಳು ಚಾಚಿದಳು. ಆಮೇಲೆ ಕಂಡದ್ದೇನೆಂದು ತಿಳಿದು, ಚಾಚಿದ ತೋಳು ಹಾಗೇ ನಿಂತಿತು. ಹಾಲ್ವರ್ ಕನ್ನಡಿಗೆ ಒಪ್ಪಿಸಿದ ಮಾತಿಗಾಗಿ ತಡಕಾಡಿದ. ಅಷ್ಟರಲ್ಲಿ ಗುನ್ವೋರ್ ಮುಂದೆ ಬಂದು, ತಾನು ಹೇಳಿದರೂ ಇವನು ಕೇಳಲಿಲ್ಲವೆಂದು ದೂರು ದಾಖಲಿಸಿದಳು.

ಅತ್ತೆ ಕನ್ನಡಕ ಹಾಕಿಕೊಂಡಳು. ಹೊಸ ಸೊಂಟದ ಮೇಲೆ ಮೆಲ್ಲಗೆ ಬಗ್ಗಿ, ತಿರಿಲ್‌ಳನ್ನು ಮುಟ್ಟದೆ, ಅವಳ ಬೆನ್ನ ಮೇಲಿನ ಹೊಲಿಗೆಯ ಗುಂಟ ಗಾಳಿಯಲ್ಲೇ ಬೆರಳು ಓಡಿಸಿದಳು.

"ಗಂಟು ಎಲ್ಲಾದ್ರೂ ಕಾಣುತ್ತಾ ನೋಡು," ಎಂದಳು ಗುನ್ವೋರ್‌ಗೆ.

ಗುನ್ವೋರ್ ನೋಡಿದಳು. ಬಗ್ಗಿ ನೋಡಿದಳು. ಕಸೂತಿಯ ಹಿಂಬದಿ ಮುಂಬದಿಯಷ್ಟೇ ಚೊಕ್ಕಟವಾಗಿತ್ತು, ಒಂದು ದಾರದ ತುದಿ ಇಣುಕಿರಲಿಲ್ಲ. ಗುನ್ವೋರ್ ತನ್ನ ಲಂಗದ ಅಂಚನ್ನು ಸದ್ದಿಲ್ಲದೆ ಕಾಲ ಹಿಂದೆ ಸರಿಸಿಕೊಂಡಳು.

"ಐವತ್ತು ವರ್ಷ ಹೊಲಿದೆ," ಎಂದಳು ಅತ್ತೆ. ಕಣ್ಣಲ್ಲಿ ನೀರಿತ್ತು. "ಕಷ್ಟ ಎಲ್ಲಾ ಒಳಗಡೆ ಇರುತ್ತೆ, ಜನ ನೋಡೋದು ಹೊರಗಡೆ. ಈ ಕೂಸು ಒಬ್ಳೇ ನೋಡಿ ನನ್ನ ಕೆಲಸ ಊರಿಗೆ ತೋರಿಸಿದ್ದು."

ಮೆರವಣಿಗೆಯಲ್ಲಿ ತಿರಿಲ್ ಕಿವಿಮುಚ್ಚಳ ಹಾಕಿಕೊಂಡು, ಸಣ್ಣ ಬಾವುಟ ಹಿಡಿದು, ಅಜ್ಜಿಯ ಪಕ್ಕ ನೆಟ್ಟಗೆ ನಡೆದಳು. ರಗ್ನ ಊದುತ್ತಲೇ ಕಣ್ಣರಳಿಸಿದಳು. ಗುನ್ವೋರ್ ಮುಂದೆ ಮುಂದೆ ಹೋಗುತ್ತ, ಹಿಂಬದಿ ತೋರಿಸಲಿಕ್ಕೆ ಧೈರ್ಯ ಬೇಕು, ಕೈಚಳಕ ಬೇಕು ಎಂದು ಕಂಡವರಿಗೆಲ್ಲ ಪಾಠ ಹೇಳಿದಳು. ಸ್ಟೈನಾರ್ ಈ ಉಪಾಯ ತನ್ನದೇ ಎಂಬಂತೆ ತಲೆ ಆಡಿಸಿದ.

ಇನ್ನು ತಪ್ಪೊಪ್ಪಿಗೆ ಯಾಕೆ? ಬದುಕಿದೆಯಾ ಬಡಜೀವವೇ ಎಂದು ಹಾಲ್ವರ್ ಆ ಮಾತುಗಳನ್ನು ನುಂಗಿ, ಅತ್ತೆಯ ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಮನೆಗೆ ಹೊತ್ತ.

ಕಾಫಿ, ಕೆನೆಯ ಕೇಕು. ಮನೆಯಲ್ಲಿ ಎಲ್ಲರೂ ಇದ್ದರು, ಕರೆಯದಿದ್ದರೂ ಗುನ್ವೋರ್ ಮತ್ತು ಸ್ಟೈನಾರ್ ಇದ್ದರು. ಹಾಲ್ವರ್ ಎರಡನೆಯ ತುಂಡಿಗೆ ಕೈ ಹಾಕಿದಾಗ ಅತ್ತೆ ಪೆಟ್ಟಿಗೆ ತೆರೆದಳು.

"ಇದು ನಿಂಗೆ," ಎಂದಳು.

ಮೊಳಕಾಲಿನವರೆಗಿನ ಉಣ್ಣೆಯ ಷರಾಯಿ. ಉಣ್ಣೆಯ ವೇಸ್ಟ್‌ಕೋಟು. ಉಣ್ಣೆಯ ಕೋಟು, ಗಲ್ಲಕ್ಕೆ ಮುಟ್ಟುವ ಕಾಲರಿನದು. ಉಣ್ಣೆಯ ಉದ್ದ ಕಾಲುಚೀಲ.

"ಎಷ್ಟು ಭಾನುವಾರ ಹೇಳಿದೀಯ, ಬೆಣ್ಣೆ ಥರ ಇದೆ, ನೋಡಿದ್ರೆ ನಂಗೇ ಹೊಟ್ಟೆಕಿಚ್ಚಾಗುತ್ತೆ ಅಂತ. ನಂಗೆ ಅರ್ಥ ಆಗಲ್ವಾ? ಬಾಯಿಬಿಟ್ಟು ಕೇಳೋಕೆ ಸಂಕೋಚ ಪಟ್ಟೆ ಪಾಪ. ಸೊಂಟ ನೋವಲ್ಲೂ ಕೂತು ಮುಗಿಸಿದೆ. ಹೋಗು, ಹಾಕ್ಕೊಂಡು ಬಾ. ಸಂಜೆ ಬ್ಯಾಂಡಿಗೆ ಎಲ್ಲಾ ಒಟ್ಟಿಗೆ ಹೋಗೋಣ."

ಹಾಲ್ವರ್ ರಗ್ನಳ ಕಡೆ ನೋಡಿದ. ರಗ್ನ ಕೇಕಿನ ಕಡೆ ನೋಡಿದಳು. ಗುನ್ವೋರ್ ಆಗಲೇ ಪಿನ್ನುಗಳನ್ನು ಬಾಯಿಗಿಟ್ಟುಕೊಂಡಿದ್ದಳು.

ಕೋಣೆಯಿಂದ ಹೊರಬಂದವನ ಮುಖ ಬೇಯಿಸಿದ ಸಿಗಡಿಯ ಬಣ್ಣಕ್ಕೆ ತಿರುಗಿತ್ತು. ಕತ್ತಿನಿಂದ ಹಿಮ್ಮಡಿಯವರೆಗೆ ಕೆಂಪಿರುವೆಯ ಗೂಡೊಂದು ಒಡೆದ ಹಾಗಿತ್ತು. ಕೈ ತಾನಾಗಿ ಕಾಲರಿಗೆ ಹೋಯಿತು, ಅತ್ತೆ ನೋಡಿದಳೆಂದು ಕೂದಲು ತೀಡಿ ಇಳಿಯಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರಲ್ಲ, ಈ ಮನೆಯಲ್ಲಿ ನೂಲು ಯಾರದೆಂದು ಅವನಿಗೆ ಇವತ್ತು ತಿಳಿಯಿತು.

ತಿರಿಲ್ ಅಪ್ಪನನ್ನು ಬಹಳ ಹೊತ್ತು ನೋಡಿದಳು. ಅವಳೊಬ್ಬಳಿಗೆ ಅರ್ಥವಾಗಿತ್ತು. ಹತ್ತಿರ ಬಂದು ಅವನ ಕೈ ಹಿಡಿದಳು.

"ಪಪ್ಪಾ, ಉಲ್ಟಾ ಹಾಕ್ಕೋ."

ಹಾಲ್ವರನ ಮುಖ ಅರಳಿತು. ಹೌದಲ್ಲ, ಕೋಟಿಗೆ ಅಸ್ತರಿ ಇದ್ದೇ ಇರುತ್ತದೆ, ಹತ್ತಿಯದೋ ರೇಷ್ಮೆಯದೋ, ಅದೇ ಹೊರಗಿರಲಿ, ಇಲ್ಲವೇ ಒಳಗೊಂದು ಹಳೆ ಅಂಗಿ ಹಾಕಿ... ಅಷ್ಟರಲ್ಲಿ ಅತ್ತೆ ನಕ್ಕಳು.

"ಅದ್ರಲ್ಲಿ ಉಲ್ಟಾನೇ ಇಲ್ಲ ಪುಟ್ಟೀ. ನಿಮ್ಮಪ್ಪಂಗೆ ಅಷ್ಟಿಷ್ಟ ಅಂತ ಒಳಗೂ ಅದೇ ಉಣ್ಣೆ ಕೊಟ್ಟಿದೀನಿ, ಕತ್ತಿಗೆ ಮಾತ್ರ ಎರಡು ಪದರ." ಅವನ ಕಡೆ ತಿರುಗಿದಳು. ಐವತ್ತು ವರ್ಷ ಯಾರೂ ಒಳಗಡೆ ನೋಡದಿದ್ದ ಮುದುಕಿಯ ಮುಖದಲ್ಲಿ ಮಗುವಿನ ಆಸೆಯಿತ್ತು. "ನಿಜ ಹೇಳು, ಹೇಗಿದೆ?"

ಹಾಲ್ವರ್ ಕಣ್ಣಲ್ಲಿ ತುಂಬಿದ ನೀರನ್ನು ಒರೆಸಿಕೊಂಡ.

"ಬೆಣ್ಣೆ," ಎಂದ.